ಸಿದ್ದಿಗಳು: ಕರ್ನಾಟಕದ ಆಫ್ರಿಕನ್ ಮೂಲದ ಸಮುದಾಯ

ಪೂರ್ವ ಆಫ್ರಿಕದಿಂದ ಬಂದು ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ನೆಲೆಯೂರಿದ ಸಮುದಾಯ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ, ಜೋಯಿಡಾ ತಾಲ್ಲೂಕುಗಳಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿ ಮತ್ತು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಇವರ ಊರುಗಳಿವೆ. ಗುಜರಾತಿನ ಗಿರ್ ಸೀಮೆ ಮತ್ತು ಹೈದರಾಬಾದಿನಲ್ಲೂ ಸಿದ್ದಿಗಳಿದ್ದಾರೆ. ಕರ್ನಾಟಕದ ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಉಂಟು. ಬಹುಪಾಲು ಮನೆಗಳಲ್ಲಿ ಆಡುಮಾತು ಕೊಂಕಣಿಯ ಒಂದು ಬಗೆ. ಊರಿನ ವ್ಯವಹಾರಕ್ಕೆ ಕನ್ನಡ. ಕೆಲವೆಡೆ ಮರಾಠಿ, ಉರ್ದು ಸಹ ಬಳಕೆಯಲ್ಲಿವೆ.

ಆಫ್ರಿಕದ ಜನ ಈ ನೆಲಕ್ಕೆ ಬಂದದ್ದು ಒಂದೇ ದಾರಿಯಲ್ಲಲ್ಲ. ದಖ್ಖನಿನ ಸುಲ್ತಾನರ ಸೈನ್ಯಕ್ಕೆ ಅರಬ್ ವರ್ತಕರ ಮೂಲಕ ಬಂದವರನ್ನು ಹಬ್ಶಿಗಳೆಂದು ಕರೆಯುತ್ತಿದ್ದರು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ (ಮರಣ 1626) ಇವರಲ್ಲಿ ಹೆಸರುವಾಸಿ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ದೊಡ್ಡ ಅಧಿಕಾರಿಯಾಗಿದ್ದ. 1660ರಲ್ಲಿ ಪನ್ಹಾಳಾ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ ಆದಿಲ್‌ಶಾಹಿ ಸೇನಾನಿ ಸಿದ್ದಿ ಜೌಹರ್. ಆದರೆ ಘಟ್ಟದ ಸಿದ್ದಿಗಳ ಕಥೆಯನ್ನು ಈ ಸರದಾರರಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ. ಇವರಲ್ಲಿ ಹೆಚ್ಚಿನವರ ಹಿರಿಯರನ್ನು ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಹಡಗೇರಿಸಿ ಗೋವಾಕ್ಕೆ ತಂದು ಮನೆಗೆಲಸಕ್ಕೂ ಹೊರೆ ಹೊರಲಿಕ್ಕೂ ಮಾರಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ, ಪೋರ್ಚುಗೀಸರ ಕೈಗೆ ಸಿಗದ ದಟ್ಟ ಕಾಡು ಸೇರಿದರು. ಪೋರ್ಚುಗೀಸ್ ಆಡಳಿತ ಗುಲಾಮಗಿರಿಯನ್ನು ಪೂರ್ತಿಯಾಗಿ ಕಾನೂನಿನಿಂದ ತೆಗೆದದ್ದು 1869ರಲ್ಲಿ. ಅಷ್ಟರಲ್ಲಿ ಕಾಡಿನ ನಡುವೆ ಸಿದ್ದಿಗಳ ಬದುಕು ಬೇರು ಬಿಟ್ಟಿತ್ತು. ಹೈದರಾಬಾದಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವೂ ಇವರ ಆಫ್ರಿಕನ್ ಮೂಲವನ್ನು ಖಚಿತಪಡಿಸಿತು. ಇಲ್ಲಿನ ಜನರೊಂದಿಗೆ ಇವರು ಬೆರೆಯತೊಡಗಿ ಸುಮಾರು ಎಂಟು ತಲೆಮಾರು ಕಳೆದಿವೆ ಎಂದೂ ಅದು ಅಂದಾಜಿಸಿತು.

ಕಾಡು ಆಸರೆ ಕೊಟ್ಟಿತು, ನೆಲದ ಒಡೆತನ ಮಾತ್ರ ಸಿಗಲಿಲ್ಲ. ಬ್ರಿಟಿಷರು ಕಾಡನ್ನು ಸರ್ಕಾರದ ಆಸ್ತಿ ಮಾಡಿ ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿದ ಮೇಲೆ, ಕಾಡಂಚಿನಲ್ಲಿ ಗೇಯುತ್ತಿದ್ದವರು ಕಾಗದದ ಮೇಲೆ ಅತಿಕ್ರಮಣದಾರರಾದರು. ಬಹಳ ಸಿದ್ದಿ ಕುಟುಂಬಗಳು ಅಡಿಕೆ ತೋಟಗಳ ಒಡೆಯರಲ್ಲಿ ಸಾಲಕ್ಕೆ ಸಿಕ್ಕಿ ಜೀತದಂತೆ ದುಡಿದವು. ಈ ಸಮುದಾಯದ ಬಡತನಕ್ಕೆ ಅವರ ‘ಹಿಂದುಳಿದಿರುವಿಕೆ’ಯನ್ನು ಕಾರಣ ಹೇಳುವ ಬರಹಗಳು ಈ ನೆಲದ ಲೆಕ್ಕವನ್ನೇ ಬಿಟ್ಟುಬಿಡುತ್ತವೆ. ಇದು ದೊಡ್ಡ ಅನ್ಯಾಯ.

ಧರ್ಮ ಬೇರೆಬೇರೆಯಾದರೂ ‘ನಾವು ಸಿದ್ದಿಗಳು’ ಎಂಬ ಒಗ್ಗಟ್ಟಿಗೆ ಆಧಾರಗಳು ಇಲ್ಲೇ ಬೆಳೆದವು. ಮನೆಯೊಳಗೆ ಹಿರಿಯರನ್ನು ನೆನೆದು ಎಡೆ ಇಡುವ ಪದ್ಧತಿ ಅವುಗಳಲ್ಲಿ ಒಂದು. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನ ಸಿದ್ದಿನಾಸ ದೇವರ ಸನ್ನಿಧಿಗೆ ಬೇರೆ ಬೇರೆ ಧರ್ಮದ ಸಿದ್ದಿಗಳು ಬಂದು ನಡೆದುಕೊಳ್ಳುತ್ತಾರೆ. ಚರ್ಮ ಬಿಗಿದ ಡಮಾಮಿ ವಾದ್ಯದ ಕುಣಿತ, ಹೆಂಗಸರ ಪುಗಡಿ ಕುಣಿತ, ಹಳೆಯ ಸೀರೆ-ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಬಣ್ಣಬಣ್ಣದ ಕೌದಿ ಇವರ ಗುರುತಾಗಿವೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಈ ಕೌದಿಗಳು ವಿದೇಶದ ವಸ್ತುಸಂಗ್ರಹಾಲಯಗಳವರೆಗೂ ಹೋದವು. ಡಮಾಮಿಯನ್ನು ಕಂಡ ಕೂಡಲೇ ‘ಅಪ್ಪಟ ಆಫ್ರಿಕ’ ಎನ್ನುವವರಿದ್ದಾರೆ. ಆದರೆ ಅದರ ಹಾಡುಗಳಲ್ಲಿ ಕೇಳಿಸುವುದು ಇಲ್ಲಿನ ಮಾತೇ.

ಪ್ರತ್ಯೇಕ ಸಮುದಾಯವಾಗಿ ಸಂಘಟಿತರಾಗುವ ಪ್ರಯತ್ನ 1980ರ ದಶಕದಲ್ಲಿ ಬಲಗೊಂಡಿತು. ಅದಕ್ಕೆ ಮೊದಲು ಮೂರೂ ಧರ್ಮದವರು ಬಹುಮಟ್ಟಿಗೆ ತಂತಮ್ಮ ಕೇರಿ, ತಂತಮ್ಮ ಒಡೆಯರ ಸುತ್ತಲೇ ಬದುಕಿದ್ದರು. ಅದೇ ದಶಕದಲ್ಲಿ ಮಂಚಿಕೇರಿಯಲ್ಲಿ ನೀನಾಸಂ ರಂಗಬಳಗದ ಚಿದಂಬರರಾವ್ ಜಂಬೆ ಸಿದ್ದಿ ಕಲಾವಿದರನ್ನು ಕಟ್ಟಿಕೊಂಡು, ನೈಜೀರಿಯದ ಚಿನುವಾ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಕನ್ನಡದಲ್ಲಿ ಆಡಿಸಿದರು. ಮುಂದಿನ ತಲೆಮಾರಿನ ಸಿದ್ದಿ ಯುವಕ ಯುವತಿಯರು ರಂಗಭೂಮಿಗೆ ಬರಲು ಇದರಿಂದ ದಾರಿಯಾಯಿತು. ನಟ ಪ್ರಶಾಂತ್ ಸಿದ್ದಿ, ಗಾಯಕಿ ಗಿರಿಜಾ ಸಿದ್ದಿ ಕನ್ನಡಿಗರಿಗೆ ಪರಿಚಿತರು. ಕ್ರೀಡೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ಕೊಡಲಾರಂಭಿಸಿತು. ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು. ಕೆಲವೇ ವರ್ಷಗಳಲ್ಲಿ ಯೋಜನೆಯನ್ನು ಕೈಬಿಟ್ಟಾಗ ಅರ್ಧದಲ್ಲಿ ಊರಿಗೆ ಮರಳಿದವರ ಓದು, ಓಟ ಎರಡೂ ನಿಂತವು. ಕಪ್ಪು ಮೈಬಣ್ಣದಿಂದ ಪದಕವನ್ನು ನಿರೀಕ್ಷಿಸಿದ ಯೋಜನೆ ಅದು. ಮಕ್ಕಳ ಮುಂದಿನ ಬದುಕಿಗೆ ಅದರಲ್ಲಿ ಜಾಗವಿರಲಿಲ್ಲ.

ಊರಿನಿಂದ ಹೊರಗೆ ಹೋದ ಸಿದ್ದಿ ತರುಣರಿಗೆ ಇಂದಿಗೂ ಎದುರಾಗುವ ಮೊದಲ ಪ್ರಶ್ನೆ ‘ಯಾವ ದೇಶದವರು?’ ಎಂಬುದು. ಅಚ್ಚ ಉತ್ತರ ಕನ್ನಡದ ಕನ್ನಡದಲ್ಲಿ ಉತ್ತರಿಸಿದರೂ ಕೇಳಿದವರು ನಂಬುವುದಿಲ್ಲ. ಸರ್ಕಾರದ ಮುಂದೆಯೂ ಇವರು ಬಹುಕಾಲ ಹೀಗೆಯೇ ಸಾಕ್ಷಿ ಒದಗಿಸುತ್ತ ನಿಲ್ಲಬೇಕಾಯಿತು. ಗುಜರಾತಿನ ಸೌರಾಷ್ಟ್ರದ ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 1950ರ ದಶಕದಿಂದಲೇ ಇತ್ತು. ಉತ್ತರ ಕನ್ನಡದವರ ಸೇರ್ಪಡೆಗೆ ಬೇಕಾದ ತಿದ್ದುಪಡಿ ಜಾರಿಗೆ ಬಂದದ್ದು 2003ರ ಜನವರಿಯಲ್ಲಿ. ಜಿಲ್ಲೆಯ ಗಡಿಯಾಚೆ, ಅದೇ ಕಾಡಿನಲ್ಲಿದ್ದ ಧಾರವಾಡ ಮತ್ತು ಬೆಳಗಾವಿಯ ನೆಂಟರು ಪಟ್ಟಿಯ ಹೊರಗೇ ಉಳಿದರು. ಅಣ್ಣನಿಗೆ ಸಿಕ್ಕಿದ ಪ್ರಮಾಣಪತ್ರ ಗಡಿಯಾಚೆ ಇದ್ದ ತಮ್ಮನಿಗೆ ಸಿಗದ ಸ್ಥಿತಿ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ವ್ಯತ್ಯಾಸ ಇನ್ನಷ್ಟು ಕುತ್ತಿಗೆಗೆ ಬಂತು. ಕಾಡಿನ ನೆಲದ ಹಕ್ಕು ಪಡೆಯಲು ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದುದನ್ನು ತೋರಿಸಿದರೆ ಸಾಕು; ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ತರಬೇಕು. ಅಕ್ಷರವೇ ಇಲ್ಲದಿದ್ದ ಅಜ್ಜಂದಿರ ಕಾಲದ ದಾಖಲೆಯನ್ನು ಎಲ್ಲಿಂದ ತರುವುದು? ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರ ತಿದ್ದುಪಡಿಯಿಂದ. ಅದೇ ವರ್ಷದ ಜುಲೈಯಲ್ಲಿ ಯಲ್ಲಾಪುರದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಕರ್ನಾಟಕದ ಶಾಸನಸಭೆಗಳನ್ನು ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು.