ನ್ಯೂಯಾರ್ಕ್ ಬಂದರಿನ ಪಶು-ಆಮದು ನಿಬಂಧನೆಗಳು: ಒಂದು ಚಾರಿತ್ರಿಕ ವಿವೇಚನೆ

ಲಾಂಗ್ ಐಲೆಂಡ್ ದ್ವೀಪದ ಪಶ್ಚಿಮ ಭಾಗದಲ್ಲಿ, ಕ್ವೀನ್ಸ್ ಮತ್ತು ನಾಸೌ ಕೌಂಟಿಗಳ ಗಡಿಯ ಮೇಲೆ ನೆಲೆಸಿರುವ ಫ್ಲೋರಲ್ ಪಾರ್ಕ್ ಎಂಬ ಊರು, ಜಾನ್ ಲೂಯಿಸ್ ಚೈಲ್ಡ್ಸ್ ಎಂಬ ಬೀಜವ್ಯಾಪಾರಿಯ ಪುಷ್ಪೋದ್ಯಾನಗಳಿಂದ ತನ್ನ ಹೆಸರನ್ನು ಪಡೆದು ೧೯೦೮ರಲ್ಲಿ ಸ್ವತಂತ್ರ ಗ್ರಾಮಾಡಳಿತವನ್ನು ಹೊಂದಿತು. ೧೯೦೫ರಲ್ಲಿ ಆರಂಭವಾದ ಬೆಲ್ಮಾಂಟ್ ಪಾರ್ಕ್ ಕುದುರೆ ಪಂದ್ಯದ ಮೈದಾನವು ಅದಕ್ಕೆ ಹೊಂದಿಕೊಂಡೇ ಇರುವುದು. ಹಿಲ್‌ಸೈಡ್ ಅವೆನ್ಯೂವಿನ ಉದ್ದಕ್ಕೂ ಭಾರತೀಯರ ಅಂಗಡಿಗಳು ಸಾಲಾಗಿರುವುವು. ಕೆನಡಿ ವಿಮಾನನಿಲ್ದಾಣವು ಸ್ವಲ್ಪವೇ ದೂರದಲ್ಲಿರುವುದು. ಊರಿನಿಂದ ತಂದೆತಾಯಿಗಳು ಬರುವಾಗ ಧಾರವಾಡದ ಪೇಡವೋ ಬೆಳಗಾವಿಯ ಕುಂದವೋ ಮನೆಯಲ್ಲೇ ಕಾಯಿಸಿದ ತುಪ್ಪವೋ ಅವರ ಪೆಟ್ಟಿಗೆಯಲ್ಲಿ ಇದ್ದೇ ಇರುವುದೆಂಬುದನ್ನೂ, ವಿಮಾನನಿಲ್ದಾಣದ ತಪಾಸಣೆಯ ಮೇಜಿನ ಮುಂದೆ ಆ ಪ್ರೀತಿಯ ಗಂಟು ಬಿಚ್ಚಲ್ಪಟ್ಟು ಕೆಲವು ವಸ್ತುಗಳು ಅಲ್ಲಿಯೇ ಉಳಿದುಬಿಡುವುವೆಂಬುದನ್ನೂ ಈ ಪ್ರದೇಶದ ಕನ್ನಡಿಗರು ಬಲ್ಲರು. ಇದು ನಮ್ಮ ಆಹಾರದ ಮೇಲಿನ ತಾತ್ಸಾರವೆಂದು ನೊಂದುಕೊಳ್ಳುವವರು ಹಲವರು. ಆ ನೋವು ಸಹಜವಾದುದೇ. ಆದರೆ ಈ ನಿಬಂಧನೆಗಳು ಯಾವ ಅನುಭವದಿಂದ ಹುಟ್ಟಿದುವೆಂದು ವಿಚಾರಿಸಹೊರಟರೆ, ಇದೇ ಬಂದರಿನ ಮತ್ತು ಇದೇ ದ್ವೀಪದ ಪೂರ್ವಚರಿತ್ರೆಯನ್ನು ಹೊಕ್ಕು ನೋಡಬೇಕಾಗುವುದು. ಹಾಗೆ ನೋಡಿದವರಿಗೆ ಆ ಚರಿತ್ರೆಯಲ್ಲಿ ಕರ್ನಾಟಕದ ಗೋವಿನ ಹೆಜ್ಜೆಯೂ ಕಾಣಿಸುವುದು.

೧೮೪೩ರಲ್ಲಿ ಬ್ರೂಕ್ಲಿನ್ನಿನ ಪೀಟರ್ ಡನ್ ಎಂಬ ಹಾಲುಗಾರನು ಇಂಗ್ಲೆಂಡಿನಿಂದ ಬಂದ ಹಡಗೊಂದರಿಂದ ಒಂದು ಹಸುವನ್ನು ಕೊಂಡು ತನ್ನ ಕೊಟ್ಟಿಗೆಗೆ ಹೊಡೆದುತಂದನು. ಆ ಹಸುವಿನೊಡನೆ ಗೋವುಗಳ ಶ್ವಾಸಕೋಶದ ಸಾಂಕ್ರಾಮಿಕ ಜ್ವರವು ಅಮೆರಿಕದ ನೆಲವನ್ನು ಪ್ರವೇಶಿಸಿತು. ಒಂದು ಹಸುವಿನಿಂದ ಒಂದು ಕೊಟ್ಟಿಗೆ, ಒಂದು ಕೊಟ್ಟಿಗೆಯಿಂದ ನೆರೆಯ ಕೊಟ್ಟಿಗೆಗಳು, ಅಲ್ಲಿಂದ ಪೂರ್ವತೀರದ ರಾಜ್ಯಗಳು ಎಂಬ ಕ್ರಮದಲ್ಲಿ ವ್ಯಾಧಿಯು ಹಬ್ಬಿ, ೧೮೭೯ರ ವೇಳೆಗೆ ಬ್ರಿಟಿಷ್ ಸರ್ಕಾರವು ಅಮೆರಿಕದಿಂದ ಬರುವ ಗೋವುಗಳನ್ನು ಒಳನಾಡಿಗೆ ಬಿಡದೆ ಇಳಿದ ಬಂದರಿನಲ್ಲಿಯೇ ಕಡಿಯತಕ್ಕದ್ದೆಂದು ವಿಧಿಸಿತು. ಇಂದು ಪರರಾಷ್ಟ್ರಗಳ ಪಶುಗಳನ್ನು ತಡೆಯುವ ಅಮೆರಿಕವು ಅಂದು ತಾನೇ ತಡೆಗೊಳಗಾದ ದೇಶವಾಗಿತ್ತೆಂಬುದು ಸ್ಮರಣೀಯವಾದ ಅಂಶ. ಈ ಒತ್ತಡದ ಫಲವಾಗಿ ೧೮೮೪ರ ಮೇ ತಿಂಗಳಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರನು ಅಂಕಿತ ಹಾಕಿದ ಶಾಸನದಿಂದ ಪಶುಸಂಗೋಪನೆಯ ಕೇಂದ್ರ ಸಂಸ್ಥೆಯೊಂದು ಸ್ಥಾಪಿತವಾಯಿತು. ಪಶುವೈದ್ಯ ಡೇನಿಯಲ್ ಸಾಮನ್ ಅದರ ಪ್ರಥಮ ಮುಖ್ಯಸ್ಥನಾದನು. ರೋಗಗ್ರಸ್ತ ಪಶುಗಳನ್ನು ಪರಿಹಾರ ಕೊಟ್ಟು ಕೊಲ್ಲುವ ಕಠಿಣಮಾರ್ಗವನ್ನು ಹಿಡಿದು, ೧೮೯೨ರಲ್ಲಿ ಆ ವ್ಯಾಧಿಯು ನಿರ್ಮೂಲವಾಯಿತೆಂದು ಸರ್ಕಾರವು ಘೋಷಿಸಿತು. ಒಂದೇ ಒಂದು ಹಸುವಿನ ಪ್ರವೇಶದಿಂದ ಬಂದುದನ್ನು ತೊಡೆಯಲು ಅರ್ಧ ಶತಮಾನ ಹಿಡಿಯಿತು.

ನಮಗೆ ಇನ್ನೂ ಹತ್ತಿರವಾದ ಪ್ರಕರಣವು ೧೯೦೬ರದು. ಟೆಕ್ಸಾಸಿನ ತೀರಪ್ರದೇಶದ ಬಿಸಿಲು, ಉಣ್ಣೆ, ನೊಣಗಳ ಕಾಟವನ್ನು ಯುರೋಪಿನ ತಳಿಗಳು ತಾಳಲಾರದೆ ಹೋದಾಗ, ಪಿಯರ್ಸ್ ಜಮೀನಿನ ವ್ಯವಸ್ಥಾಪಕನಾಗಿದ್ದ ಬೋರ್ಡನ್ ಎಂಬಾತನು ಭಾರತದಿಂದ ಡುಬ್ಬದ ಗೋವುಗಳನ್ನು ತರಿಸಿದನು. ಅವು ನೇರವಾಗಿ ಟೆಕ್ಸಾಸನ್ನು ಸೇರಲಿಲ್ಲ; ನ್ಯೂಯಾರ್ಕ್ ಬಂದರಿನ ಸಮೀಪದ ದ್ವೀಪವೊಂದರಲ್ಲಿ ಅವುಗಳನ್ನು ಕ್ವಾರಂಟೈನಿನಲ್ಲಿ ಇರಿಸಲಾಯಿತು. ಅಲ್ಲಿ ಕೆಲವು ಪಶುಗಳ ರಕ್ತದಲ್ಲಿ ಸುರ್ರಾ ರೋಗದ ಸೂಕ್ಷ್ಮಜೀವಿಯು ಕಂಡುಬಂದಿತು. ೧೮೮೦ರಲ್ಲಿ ಗ್ರಿಫಿತ್ ಎವಾನ್ಸನು ಭಾರತದಲ್ಲಿಯೇ ಮೊದಲು ಗುರುತಿಸಿದ ಈ ಜೀವಿಯು ರಕ್ತ ಹೀರುವ ನೊಣಗಳ ಮೂಲಕ ಹರಡಿ, ಕುದುರೆ ಒಂಟೆಗಳಿಗೆ ಮಾರಕವಾಗುವುದು; ನಮ್ಮ ಗೋವುಗಳಾದರೋ ಅನೇಕ ವೇಳೆ ಹೊರಗೆ ಯಾವ ಲಕ್ಷಣವನ್ನೂ ತೋರದೆ ಅದನ್ನು ಹೊತ್ತಿರಬಲ್ಲವು. ನೋಡಲು ಪುಷ್ಟವಾಗಿದ್ದ ಪಶುವೇ ರೋಗವಾಹಕವಾಗಿದ್ದಿತೆಂಬುದರಲ್ಲಿ ಕ್ವಾರಂಟೈನಿನ ಸಮಸ್ತ ತತ್ತ್ವವೂ ಅಡಗಿರುವುದು. ರೋಗವಿದ್ದುವನ್ನು ನಾಶಪಡಿಸಿದ ತರುವಾಯ ಮೂವತ್ತು ಹೋರಿಗಳೂ ಮೂರು ಹಸುಗಳೂ ಟೆಕ್ಸಾಸನ್ನು ತಲುಪಿದುವು. ೧೮೫೪ರಿಂದ ೧೯೨೬ರವರೆಗೆ ಹೀಗೆ ಬಂದ ಸುಮಾರು ೨೬೬ ಹೋರಿಗಳಿಂದಲೂ ಕೆಲವೇ ಹಸುಗಳಿಂದಲೂ ಅಮೆರಿಕದ ಬ್ರಾಹ್ಮನ್ ತಳಿಯು ರೂಪುಗೊಂಡಿತು.

ಆ ತಳಿಗೆ ಮೂಲವಾದ ಭಾರತೀಯ ವಂಶಗಳು ಮುಖ್ಯವಾಗಿ ನಾಲ್ಕು: ಗುಜರಾತಿನ ಕಾಂಕ್ರೇಜ್ ಮತ್ತು ಗೀರ್, ಆಂಧ್ರದ ಒಂಗೋಲು, ಹಾಗೂ ನಮ್ಮ ಕೃಷ್ಣಾ ತೀರದ ಕೃಷ್ಣಾವ್ಯಾಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅಧಿಪತಿಗಳು, ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲಿನ ಎರೆಭೂಮಿಯ ಅಂಟುಮಣ್ಣಿನಲ್ಲಿ ಭಾರವಾದ ನೇಗಿಲನ್ನೆಳೆಯಬಲ್ಲ ಎತ್ತು ಬೇಕೆಂದು, ಗೀರ್, ಒಂಗೋಲು, ಕಾಂಕ್ರೇಜ್ ಹೋರಿಗಳನ್ನು ಸ್ಥಳೀಯ ಹಸುಗಳೊಡನೆ ಕೂಡಿಸಿ ಬೆಳೆಸಿದ ತಳಿಯಿದು. ಟ್ರ್ಯಾಕ್ಟರು ಬಂದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಶುದ್ಧವಂಶದ ಕೃಷ್ಣಾವ್ಯಾಲಿ ಎತ್ತನ್ನು ಹುಡುಕಬೇಕಾಗಿ ಬಂದಿರುವುದು. ಅದರ ರಕ್ತವಾದರೋ ಸಮುದ್ರದಾಚೆಯ ಹುಲ್ಲುಗಾವಲುಗಳಲ್ಲಿ ಲಕ್ಷಾಂತರ ಪಶುಗಳ ಮೈಯಲ್ಲಿ ಹರಿಯುತ್ತಿರುವುದು. ಭಾರತದ ಗೋವನ್ನು ಅಮೆರಿಕವು ತಿರಸ್ಕರಿಸಿತೆಂದು ಹೇಳುವವರು ಈ ಸಂಗತಿಯನ್ನು ಗಮನಿಸಬೇಕು. ತಿರಸ್ಕೃತವಾದುದು ರೋಗ, ಗೋವನ್ನು ಅವರು ಬೇಡಿ, ಪರೀಕ್ಷಿಸಿ, ಸ್ವೀಕರಿಸಿದರು.

ಪರೀಕ್ಷೆಯಿಲ್ಲದೆ ಸಾಗಿದ ಪಶುವಿನಿಂದ ಏನಾಗುವುದೆಂಬುದಕ್ಕೆ ೧೯೨೦ರ ಆಂಟ್‌ವರ್ಪ್ ಬಂದರು ನಿದರ್ಶನ. ಭಾರತದ ಕಡೆಯಿಂದ ಬ್ರೆಜಿಲಿಗೆ ಹೋಗುತ್ತಿದ್ದ ಡುಬ್ಬದ ಗೋವುಗಳು ಬೆಲ್ಜಿಯಮ್ಮಿನ ಆ ಬಂದರಿನಲ್ಲಿ ತಂಗಿದಾಗ ಅವುಗಳಿಂದ ಅಲ್ಲಿನ ಮಂದೆಗಳಿಗೆ ದೊಡ್ಡರೋಗವು ತಗುಲಿತು. ನಮ್ಮ ಹಿರಿಯರು ಮಾರಿಯ ಮುನಿಸೆಂದು ಭಯಪಟ್ಟು ಊರಗಡಿಯಲ್ಲಿ ಪೂಜೆ ಸಲ್ಲಿಸುತ್ತಿದ್ದುದು ಈ ರೋಗಕ್ಕಾಗಿಯೇ. ಈ ಆಘಾತದಿಂದ ಎಚ್ಚೆತ್ತ ೨೮ ರಾಷ್ಟ್ರಗಳು ೧೯೨೪ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಕೂಡಿ, ಪಶುರೋಗಗಳ ಸಮಾಚಾರವನ್ನು ಮರೆಮಾಚದೆ ಪರಸ್ಪರ ತಿಳಿಸತಕ್ಕದ್ದೆಂಬ ಒಪ್ಪಂದಕ್ಕೆ ಸಹಿಮಾಡಿದುವು. ಇಂದಿನ ವಿಶ್ವ ಪಶು ಆರೋಗ್ಯ ಸಂಸ್ಥೆಯು ಅದರ ಫಲ. ಭಾರತವು ೧೯೯೫ರ ಬಳಿಕ ದೊಡ್ಡರೋಗವನ್ನು ಕಂಡಿಲ್ಲ. ೨೦೧೧ರಲ್ಲಿ ಭೂಮಂಡಲದಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಉಳಿದಿರುವುದು ಕಾಲುಬಾಯಿ ಜ್ವರ. ಇಂದಿನ ನಿಬಂಧನೆಗಳ ಬಹುಭಾಗವು ಇದರ ಸುತ್ತಲೇ ಹೆಣೆದುಕೊಂಡಿರುವುದು. ನಮ್ಮ ರೈತನಿಗೆ ಇದು ಪರಿಚಿತವಾದ ಪೀಡೆ: ಬಾಯಿಂದ ಜೊಲ್ಲು ಸುರಿಯುವುದು, ಗೊರಸಿನ ಸಂದಿಯಲ್ಲಿ ಹುಣ್ಣಾಗುವುದು, ಎತ್ತು ನೊಗಕ್ಕೆ ಬಾರದು, ಹಸುವಿನ ಹಾಲು ಇಳಿಯುವುದು, ಆದರೆ ಪ್ರಾಪ್ತವಯಸ್ಸಿನ ಪಶುವು ಬಹುಮಟ್ಟಿಗೆ ಚೇತರಿಸಿಕೊಳ್ಳುವುದಾದ್ದರಿಂದ ಆತನು ಅದನ್ನು ಸಹಿಸಿಕೊಳ್ಳುವನು. ಅಮೆರಿಕದಲ್ಲಿಯಾದರೋ ಈ ರೋಗವು ೧೯೨೯ರ ಅನಂತರ ಕಾಣಿಸಿಕೊಂಡಿಲ್ಲ. ಆ ವರ್ಷ ಕ್ಯಾಲಿಫೋರ್ನಿಯದಲ್ಲಿ, ಅರ್ಜೆಂಟೀನದಲ್ಲಿ ಮಾಂಸವನ್ನು ತುಂಬಿಕೊಂಡು ಬಂದ ಪ್ರವಾಸಿ ಹಡಗೊಂದರ ಅಡುಗೆಮನೆಯ ಮುಸುರೆಯನ್ನು ಹಂದಿಗಳಿಗೆ ಹಾಕಿದುದರಿಂದ ರೋಗವು ಹೊತ್ತಿಕೊಂಡಿತು. ಜೀವಂತ ಪಶುವೇ ಬರಬೇಕೆಂಬುದಿಲ್ಲ, ಪಶುವಿನಿಂದ ಬಂದ ಎಂಜಲು ತುಣುಕೇ ಸಾಕೆಂಬ ಪಾಠವನ್ನು ಆ ಪ್ರಸಂಗವು ಕಲಿಸಿತು. ಮರುವರ್ಷದ ಸುಂಕಶಾಸನವು ಈ ರೋಗವಿರುವ ದೇಶಗಳಿಂದ ಮೆಲುಕು ಹಾಕುವ ಪ್ರಾಣಿಗಳನ್ನೂ ಅವುಗಳ ಹಸಿಮಾಂಸವನ್ನೂ ನಿಷೇಧಿಸಿತು. ಈ ರೋಗದ ವಿಷಾಣುವನ್ನು ಮುಖ್ಯಭೂಮಿಯಲ್ಲಿ ಇರಿಸುವುದು ಅಪಾಯವೆಂದು, ಲಾಂಗ್ ಐಲೆಂಡಿನ ಪೂರ್ವ ತುದಿಯಾಚೆಯ ಪ್ಲಮ್ ಐಲೆಂಡಿನಲ್ಲಿ ೧೯೫೪ರಲ್ಲಿ ಪ್ರಯೋಗಶಾಲೆಯನ್ನು ತೆರೆದರು. ೧೯೭೮ರಲ್ಲಿ ವಿಷಾಣುವು ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಹೊರಗಣ ಪಶುಗಳಿಗೆ ತಗುಲಿದರೂ ನಡುವೆ ಸಮುದ್ರವಿದ್ದುದರಿಂದ ದ್ವೀಪದಲ್ಲಿಯೇ ಅಡಗಿತು.

ಈ ಹಿನ್ನೆಲೆಯಲ್ಲಿ ಪೇಡದ ಪ್ರಶ್ನೆಯನ್ನು ಪರಾಮರ್ಶಿಸಬಹುದು. ಕಾಲುಬಾಯಿ ಜ್ವರವಿರುವ ಪ್ರದೇಶದ ಹಾಲು ಮತ್ತು ಹಾಲಿನ ಪದಾರ್ಥಗಳು ಸಾಮಾನ್ಯವಾಗಿ ನಿರ್ಬಂಧಿತ. ಕಾಯಿಸಿ, ವಾಯುಪ್ರವೇಶವಿಲ್ಲದಂತೆ ಮುಚ್ಚಿ, ಶೈತ್ಯವಿಲ್ಲದೆಯೂ ಕೆಡದಂತೆ ಸಿದ್ಧಪಡಿಸಿದ ಗಟ್ಟಿ ಹಾಲು, ಹಾಗೆಯೇ ಬೆಣ್ಣೆ, ಗಟ್ಟಿ ಚೀಸು ಮುಂತಾದವುಗಳಿಗೆ ನಿಯಮದಲ್ಲಿಯೇ ವಿನಾಯಿತಿಯಿರುವುದು. ಪೇಡಕ್ಕಾಗಿ ಹಾಲನ್ನು ಗಂಟೆಗಟ್ಟಲೆ ಕುದಿಸುವೆವಲ್ಲ, ಅದರಲ್ಲಿ ವಿಷಾಣುವು ಬದುಕೀತೆ ಎಂದು ಕೇಳುವವರ ತರ್ಕವು ದುರ್ಬಲವಾದುದಲ್ಲ. ಆದರೆ ಸಾಧಾರಣ ಪಾಶ್ಚರೀಕರಣದಿಂದ ಈ ವಿಷಾಣುವು ಸಂಪೂರ್ಣವಾಗಿ ನಶಿಸುವುದೆಂಬ ಭರವಸೆಯಿಲ್ಲ. ತಪಾಸಣೆಯ ಅಧಿಕಾರಿಗೆ ಕಾಣುವುದು ಡಬ್ಬಿಯೇ ಹೊರತು ಬಾಣಲೆಯಲ್ಲ. ಹಾಲು ಎಷ್ಟು ಹೊತ್ತು ಕುದಿಯಿತೆಂಬುದಕ್ಕೆ ಪ್ರಮಾಣವಿಲ್ಲದಲ್ಲಿ ಆತನು ನಿರಾಕರಿಸಿದರೆ ತಪ್ಪೆನ್ನಲಾಗದು. ೨೦೨೧ರ ಏಪ್ರಿಲಿನಲ್ಲಿ ವಾಷಿಂಗ್ಟನ್ ಸಮೀಪದ ಡಲಸ್ ವಿಮಾನನಿಲ್ದಾಣದಲ್ಲಿ, ಭಾರತದಿಂದ ಬಂದ ಪ್ರಯಾಣಿಕರು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಎರಡು ಬೆರಣಿಗಳು ದೊರೆತು ನಾಶಪಡಿಸಲ್ಪಟ್ಟಾಗ ಅದು ಪತ್ರಿಕೆಗಳಿಗೆ ನಗೆಯ ವಸ್ತುವಾಯಿತು. ಹೋಮಕ್ಕೆಂದು ಭಕ್ತಿಯಿಂದ ತಂದಿರಬಹುದಾದ ವಸ್ತುವನ್ನು ಕುರಿತು ನಗುವುದು ಅನುಚಿತ. ಆದರೆ ಸಗಣಿಯಲ್ಲಿಯೂ ಈ ವಿಷಾಣುವು ಇರಬಲ್ಲುದಾದ್ದರಿಂದ ಆ ನಿಷೇಧವು ಉಚಿತ.

ಇಂಥ ನಿಷೇಧಗಳು ದುರುಪಯೋಗಕ್ಕೆ ಅತೀತವಾದುವೆಂದು ನನ್ನ ಅಭಿಪ್ರಾಯವಲ್ಲ. ೧೯೯೫ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವು, ತಡೆಗೆ ವೈಜ್ಞಾನಿಕ ಆಧಾರವಿರಬೇಕೆಂದೂ, ಇಡೀ ದೇಶವನ್ನು ದೂರದೆ ರೋಗವಿರುವ ಪ್ರದೇಶವನ್ನಷ್ಟೇ ಗುರುತಿಸಬೇಕೆಂದೂ ವಿಧಿಸಿರುವುದು. ೨೦೧೫ರ ಜೂನಿನಲ್ಲಿ, ಹಕ್ಕಿಜ್ವರದ ಹೆಸರಿನಲ್ಲಿ ಅಮೆರಿಕದ ಕೋಳಿಪದಾರ್ಥಗಳನ್ನು ತಡೆದ ಭಾರತದ ವಿರುದ್ಧ ತೀರ್ಪಾಯಿತು. ಮರುತಿಂಗಳಲ್ಲಿಯೇ, ಕಾಲುಬಾಯಿ ಜ್ವರದ ಹೆಸರಿನಲ್ಲಿ ಅರ್ಜೆಂಟೀನದ ಗೋಮಾಂಸವನ್ನು ತಡೆದ ಅಮೆರಿಕದ ವಿರುದ್ಧವೂ ತೀರ್ಪಾಯಿತು. ಎರಡು ದೇಶಗಳೂ ಒಂದೇ ತತ್ತ್ವದ ಮುಂದೆ ಸೋತ ಈ ಎರಡು ತೀರ್ಪುಗಳನ್ನು ಜೊತೆಗಿರಿಸಿ ಓದಿದವರಿಗೆ, ನ್ಯಾಯವಾದ ತಡೆಯಾವುದು, ವ್ಯಾಪಾರದ ಮುಸುಕಾದ ತಡೆಯಾವುದು ಎಂಬ ವಿವೇಕವು ದೊರೆಯುವುದು.

ರೋಗಕ್ಕೆ ಸಂಬಂಧಿಸದ ನಿಷೇಧವೂ ಒಂದುಂಟು. ಉಪನಯನಕ್ಕೆಂದು ಅಜ್ಜನ ಕಾಲದ ಕೃಷ್ಣಾಜಿನವನ್ನು ತರಲು ಆಶಿಸುವ ಮನೆಗಳಿವೆ. ಕೃಷ್ಣಮೃಗವು ನಮ್ಮ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಪರದೇಶದ ಶಾಸನವನ್ನು ಮೀರಿ ಬಂದ ವನ್ಯವಸ್ತುವನ್ನು ತರುವುದು ಲೇಸಿ ಶಾಸನದ ಪ್ರಕಾರ ಅಮೆರಿಕದಲ್ಲಿಯೂ ಅಪರಾಧ. ಇಲ್ಲಿ ಅಮೆರಿಕದ ಅಧಿಕಾರಿಯು ಕಾಯುತ್ತಿರುವುದು ನಮ್ಮದೇ ಕಾನೂನನ್ನು, ರಾಣಿಬೆನ್ನೂರಿನ ಬಯಲಿನಲ್ಲಿ ನೆಗೆಯುವ ನಮ್ಮದೇ ಮೃಗವನ್ನು.

ಮನೆಯ ನಾಯಿಯನ್ನು, ಅದು ಮುಧೋಳ ತಳಿಯದಾಗಲಿ ಬೀದಿಯಲ್ಲಿ ಸಿಕ್ಕಿದುದಾಗಲಿ, ಕರೆತರುವವರಿಗೆ ೨೦೨೪ರ ಆಗಸ್ಟ್ ೧ರಿಂದ ಹೊಸ ನಿಯಮಗಳು ಅನ್ವಯಿಸುವುವು. ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಯಲ್ಲಿ ಮೈಕ್ರೋಚಿಪ್ ಇರಬೇಕು; ಭಾರತವು ಹುಚ್ಚುನಾಯಿ ರೋಗದ ಅಧಿಕ ಅಪಾಯದ ದೇಶಗಳ ಪಟ್ಟಿಯಲ್ಲಿರುವುದರಿಂದ, ಅಲ್ಲಿ ಲಸಿಕೆ ಹಾಕಿಸಿದುದಕ್ಕೆ ಸರ್ಕಾರಿ ಪಶುವೈದ್ಯರ ದೃಢೀಕರಣವೂ, ಮಾನ್ಯ ಪ್ರಯೋಗಶಾಲೆಯ ರಕ್ತಪರೀಕ್ಷೆಯೂ ಬೇಕು; ರಕ್ತಪರೀಕ್ಷೆಯಿಲ್ಲದಿದ್ದರೆ ೨೮ ದಿನಗಳ ಕ್ವಾರಂಟೈನ್. ಗೊತ್ತುಪಡಿಸಿದ ವಿಮಾನನಿಲ್ದಾಣಗಳಲ್ಲಿಯೇ ಇಳಿಯಬೇಕು, ಕೆನಡಿ ಅವುಗಳಲ್ಲೊಂದು. ನಾಯಿಗಳಿಂದ ಹರಡುವ ರೇಬೀಸ್ ಪ್ರಭೇದವು ತನ್ನಲ್ಲಿ ಇಲ್ಲವಾಯಿತೆಂದು ಅಮೆರಿಕವು ೨೦೦೭ರಲ್ಲಿ ಘೋಷಿಸಿಕೊಂಡಿರುವುದರಿಂದ ಈ ಎಚ್ಚರವು ಅತಿಯಾದುದಲ್ಲ.

ನಿಬಂಧನೆಯು ನ್ಯಾಯವಾದುದೆಂದ ಮಾತ್ರಕ್ಕೆ ಅದನ್ನು ತಿಳಿಸುವ ಬಗೆಯೂ ನ್ಯಾಯವಾದುದೆಂದಾಗದು. ಎಪ್ಪತ್ತರ ವಯಸ್ಸಿನ ತಾಯಿಯೊಬ್ಬಳು ಹದಿನೆಂಟು ಗಂಟೆಗಳಿಗೂ ಮೀರಿದ ಪಯಣದ ಕೊನೆಗೆ, ತಾನರಿಯದ ಭಾಷೆಯಲ್ಲಿ ತನಗೆ ಹೊಳೆಯದ ಕಾರಣಕ್ಕಾಗಿ ಪ್ರಶ್ನಿಸಲ್ಪಡುವುದು ತಪ್ಪಬೇಕು. ಪೆಟ್ಟಿಗೆಯಲ್ಲಿರುವ ಆಹಾರವನ್ನೆಲ್ಲ ಬಾಯಿಬಿಟ್ಟು ಹೇಳಿದರೆ ವಸ್ತು ಹೋದರೂ ದಂಡವಿಲ್ಲ. ಮುಚ್ಚಿಟ್ಟರೆ ಮುನ್ನೂರು ಡಾಲರಿನಿಂದ ಮೇಲಕ್ಕೆ ದಂಡ ಬೀಳಬಹುದು. ಈ ಒಂದು ಮಾತು ಊರಿನಿಂದ ಹೊರಡುವ ಪ್ರತಿಯೊಬ್ಬ ಹಿರಿಯರಿಗೂ ಕನ್ನಡದಲ್ಲಿ ತಲುಪಬೇಕು. ನ್ಯೂಯಾರ್ಕಿನ ಕನ್ನಡ ಕೂಟವೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಕೂಡಿ, ಕಾರಣಗಳ ಸಹಿತವಾಗಿ ಈ ನಿಬಂಧನೆಗಳ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸಬೇಕೆಂದು ನನ್ನ ಪ್ರಾರ್ಥನೆ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಶುರೋಗ ನಿಯಂತ್ರಣ ಕಾರ್ಯಕ್ರಮವು ಕಾಲುಬಾಯಿ ಜ್ವರವನ್ನು ಲಸಿಕೆಯ ಮೂಲಕ ೨೦೩೦ರೊಳಗೆ ನಿರ್ಮೂಲಮಾಡುವ ಗುರಿಯನ್ನು ಇರಿಸಿಕೊಂಡಿರುವುದು. ಲಸಿಕೆ ಹಾಕುವವರು ಹಟ್ಟಿಯ ಬಾಗಿಲಿಗೆ ಬಂದಾಗ ಒಂದು ರಾಸನ್ನೂ ಬಿಡದೆ ಮುಂದೆ ತಂದು ನಿಲ್ಲಿಸುವಂತೆ, ಊರಿನಲ್ಲಿ ಹಸು ಕಟ್ಟಿರುವ ಬಂಧುಗಳಿಗೆ ಪರದೇಶದ ಕನ್ನಡಿಗರು ಬರೆದು ತಿಳಿಸಬೇಕು.