ಕೆನೆ ತೆಗೆದ ಯಂತ್ರಕ್ಕೆ ಎಣ್ಣೆಯ ಕೆಲಸ

ಇಬ್ಬರಿಗೆ ಆಗಿಬರದಿದ್ದರೆ ಅವರದು ‘ಎಣ್ಣೆ-ಸೀಗೆಕಾಯಿ’ ಸಂಬಂಧ ಎನ್ನುತ್ತೇವೆ. ಆದರೆ ತಲೆಯ ಎಣ್ಣೆಯನ್ನು ನೀರಿನೊಡನೆ ಬೆರೆಸಿ ಕಳಿಸುವುದು ಸೀಗೆಕಾಯಿಯೇ. ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಮತ್ತೆ ಕೂಡದಂತೆ ಅದು ತಡೆಯುತ್ತದೆ. ಬಚ್ಚಲುಮನೆಯಲ್ಲಿ ಉಪಕಾರವಾದ ಈ ಗುಣ ಯಂತ್ರಶಾಲೆಯಲ್ಲಿ ಒಮ್ಮೆ ಉಪಕಾರ, ಒಮ್ಮೆ ಉಪದ್ರವ.

ಹಳೆಯ ಉಗಿ ಎಂಜಿನ್ನುಗಳ ಸಿಲಿಂಡರಿನ ಎಣ್ಣೆಗೆ ಪ್ರಾಣಿಕೊಬ್ಬನ್ನು ಬೇಕೆಂದೇ ಬೆರೆಸುತ್ತಿದ್ದರು. ಒದ್ದೆ ಗೋಡೆಗೂ ಎಣ್ಣೆ ಅಂಟಿಕೊಳ್ಳಲಿ ಎಂಬುದು ಲೆಕ್ಕ. ಆ ಎಣ್ಣೆ ಒಮ್ಮೆ ಬಳಕೆಯಾಗಿ ಉಗಿಯೊಡನೆ ಹೊರಟುಹೋಗುತ್ತಿತ್ತು.

1884ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ತಮ್ಮ ಉಗಿ ಟರ್ಬೈನನ್ನು ರೂಪಿಸಿದ ಮೇಲೆ ಲೆಕ್ಕ ತಿರುಗಿತು. ಟರ್ಬೈನಿನ ಬೇರಿಂಗುಗಳಲ್ಲಿ ಅದೇ ಎಣ್ಣೆ ವರ್ಷಗಟ್ಟಲೆ ಸುತ್ತಬೇಕು. ದಂಡದ ಪಕ್ಕದಿಂದ ಸೋರಿದ ಉಗಿ ತಣಿದು ನೀರಾಗಿ ಅದರೊಳಗೆ ಸೇರುತ್ತದೆ. ಶಾಖಕ್ಕೂ ಗಾಳಿಗೂ ಹಳತಾದ ಎಣ್ಣೆಯಲ್ಲಿ ಹುಟ್ಟುವ ಆಮ್ಲಗಳು ಸೀಗೆಕಾಯಿಯ ಪಾತ್ರ ವಹಿಸುತ್ತವೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಲೋಹಗಳನ್ನು ಬೇರೆಯಿಡುವ, ಕೂದಲಿಗಿಂತ ತೆಳುವಾದ ಎಣ್ಣೆಪದರ ಹರಿಯುತ್ತದೆ. ತುಕ್ಕು ಹಿಡಿಯುತ್ತದೆ, ಬೇರಿಂಗು ಸವೆಯುತ್ತದೆ. ನಡುಗಡಲಲ್ಲಿ ಹಾಗಾದರೆ ಹಡಗೇ ನಿಂತೀತು.

ಎಣ್ಣೆಯನ್ನು ತೊಟ್ಟಿಯಲ್ಲಿ ಸುಮ್ಮನೆ ಬಿಟ್ಟರೆ ಭಾರವಾದ ನೀರು ತಳ ಸೇರುತ್ತದೆ, ರಾತ್ರಿಯಿಟ್ಟ ಹಾಲಿನಲ್ಲಿ ಕೆನೆ ಮೇಲೆ ಬಂದ ಹಾಗೆ. ಆದರೆ ಅದು ನಿಧಾನ. ಓಲಾಡುವ ಹಡಗಿನಲ್ಲಿ ಇನ್ನೂ ಕಷ್ಟ.

ಉತ್ತರ ಹಾಲಿನ ಕಡೆಯಿಂದಲೇ ಬಂತು. ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ 1878ರಲ್ಲಿ ಹಾಲನ್ನು ರಭಸವಾಗಿ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರ ಮಾಡಿದ್ದರು. ತಿರುಗಿದಾಗ ಭಾರವಾದದ್ದು ಅಂಚಿಗೆ, ಹಗುರವಾದದ್ದು ನಡುವಿಗೆ. 1880ರ ದಶಕದ ಕೊನೆಗೆ ಅದರೊಳಗೆ ಶಂಕುವಿನಾಕಾರದ ತಟ್ಟೆಗಳ ಅಟ್ಟಿ ಬಂತು. ಹನಿ ಸಾಗಬೇಕಾದ ದೂರ ತೀರ ಕಡಿಮೆಯಾಯಿತು. 20ನೆಯ ಶತಮಾನದಲ್ಲಿ ಇದೇ ಯಂತ್ರ ಹಡಗಿನ ಎಂಜಿನ್ ಕೋಣೆಗೆ ಇಳಿಯಿತು. ಈಗ ಹಗುರವಾದದ್ದು ಎಣ್ಣೆ, ಅಂಚಿಗೆ ಹೋಗುವುದು ನೀರು.

ಇದರಲ್ಲೊಂದು ತಮಾಷೆಯಿದೆ. ದೆ ಲಾವಾಲ್ ಕೂಡ ಉಗಿ ಟರ್ಬೈನ್ ಕಟ್ಟಿದವರೇ. ಕೆನೆಯ ಯಂತ್ರವನ್ನು ತಿರುಗಿಸಲೆಂದೇ ಅದನ್ನು ಕಟ್ಟಿದ್ದರು. ಟರ್ಬೈನುಗಳ ಎಣ್ಣೆಗೆ ಬಂದ ಕಾಯಿಲೆಗೆ ಮದ್ದಾದದ್ದು ಆ ಕೆನೆಯ ಯಂತ್ರ.

ಆದರೂ ಬಿಗಿಯಾಗಿ ಬೆರೆತ ನೀರನ್ನು ಯಾವ ಯಂತ್ರವೂ ಸುಲಭವಾಗಿ ಬಿಡಿಸಲಾರದು. ಅದಕ್ಕೇ ಟರ್ಬೈನ್ ಎಣ್ಣೆಗೆ ಇಂದೂ ಒಂದು ಪರೀಕ್ಷೆಯಿದೆ: 40 ಮಿಲಿಲೀಟರ್ ಎಣ್ಣೆ, ಅಷ್ಟೇ ನೀರು, 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 5 ನಿಮಿಷ ಕಲಕಿ, ಬೇರೆಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು. ಬೇಗ ಬೇರೆಯಾದರೆ ಅದು ಒಳ್ಳೆಯ ಎಣ್ಣೆ.