ಸ್ಯಾಕ್ಸೋಫೋನಿನ ದಾಯಾದಿಗಳು: ಜಾಝ್ ಮತ್ತು ಕದ್ರಿ ಬಾನಿ

ಬೆಂಗಳೂರಿನ ಕಾಡುಗೋಡಿಯ ಆಸುಪಾಸಿನಲ್ಲಿ ಇಂದು ಎರಡು ಬಗೆಯ ಸ್ಯಾಕ್ಸೋಫೋನ್ ಕಿವಿಗೆ ಬೀಳುತ್ತವೆ. ಕಲ್ಯಾಣಮಂಟಪದಲ್ಲಿ ಡೋಲಿನ ಜೊತೆ ವಾಲಗದವರು ನುಡಿಸುವುದು ಒಂದು; ವೈಟ್‌ಫೀಲ್ಡಿನ ಐಟಿ ಮಂದಿ ಸಂಜೆ ಕೂತು ಕೇಳುವ ಜಾಝ್ ಕಛೇರಿಯದು ಇನ್ನೊಂದು. ಮೊದಲನೆಯದು ಎರಡನೆಯದರ ಮಗು ಎಂಬ ಭಾವನೆ, ‘ಫ್ಯೂಷನ್’ ಎಂಬ ಸಡಿಲ ಮಾತಿನ ಆಸರೆಯಲ್ಲಿ ಬೆಳೆದಿದೆ. ಅವು ದಾಯಾದಿಗಳು ಎಂಬುದು ನನ್ನ ವಾದ.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮೊದಲು ನೆಲೆ ಕಂಡದ್ದು ಸೇನೆಯ ಬ್ಯಾಂಡಿನಲ್ಲಿ. ನ್ಯೂ ಆರ್ಲಿಯನ್ಸಿನ ಕಾಂಗೋ ಸ್ಕ್ವೇರ್‌ನಲ್ಲಿ ಗುಲಾಮರು ಭಾನುವಾರಗಳಂದು ಕೂಡಿ ಬಾರಿಸುತ್ತಿದ್ದ ಲಯ, ದುಡಿಮೆಯ ಹಾಡು, ಚರ್ಚಿನ ಹಾಡು, ಬ್ಲೂಸ್, ರ‍್ಯಾಗ್‌ಟೈಮ್ ಎಲ್ಲವೂ ಬ್ಯಾಂಡಿನ ವಾದ್ಯಗಳಿಗೆ ಇಳಿದಾಗ ಜಾಝ್ ಮೈದಳೆಯಿತು. ಸ್ಯಾಕ್ಸೋಫೋನ್ ಅಲ್ಲಿ ಮುಂದಿನ ಸಾಲಿಗೆ ಬಂದದ್ದು 1920ರ ದಶಕದಲ್ಲಿ, ಕೋಲ್ಮನ್ ಹಾಕಿನ್ಸ್‌ರಂಥವರಿಂದ. ಇತ್ತ ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಿದ್ವಾಂಸರೊಬ್ಬರ ಮಗ, ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥ್ (1949–2019) ಈ ವಾದ್ಯಕ್ಕೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಎರಡೂ ಮನೆಗಳಿಗೆ ಬಾಗಿಲು ತೆರೆದದ್ದು ಬ್ಯಾಂಡೇ.

ಹೋಲಿಕೆ ಇನ್ನೂ ಆಳಕ್ಕಿದೆ. ಕೀಲಿಗಳು ಹನ್ನೆರಡು ಸ್ವರಸ್ಥಾನಗಳನ್ನು ಕಟ್ಟಿಹಾಕಿದ ವಾದ್ಯವನ್ನು ಜಾಝ್ ವಾದಕರೂ ಕದ್ರಿಯವರೂ ತುಟಿ, ಉಸಿರುಗಳಿಂದ ಬಾಗಿಸಿದರು. ಬ್ಲೂಸ್ ಗಾಯಕನ ಗಾಂಧಾರ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗುತ್ತದೆ. ನಿಷಾದದ ಕಥೆಯೂ ಹಾಗೆಯೇ. ಇದನ್ನು ಗಮಕವೆಂದು ಕರೆಯುವ ಆಸೆಯಾಗುತ್ತದೆ. ಆದರೆ ಬ್ಲೂಸಿನ ಆ ಸ್ವರಕ್ಕೆ ರುಚಿ ಬರುವುದು ಕೆಳಗೆ ನುಡಿಯುವ ಕಾರ್ಡಿನೊಂದಿಗೆ (ಒಟ್ಟಿಗೆ ನುಡಿಯುವ ಸ್ವರಗುಚ್ಛದೊಂದಿಗೆ) ಅದು ತಿಕ್ಕಾಡುವುದರಿಂದ. ಗಮಕಕ್ಕೆ ಶ್ರುತಿಯೊಂದು ಸಾಕು. ಅದರ ಅರ್ಥ ರಾಗದೊಳಗೇ ಇದೆ. ಕದ್ರಿಯವರು ಜಾಝ್‌ನಿಂದ ಕಾರ್ಡನ್ನೂ ಪಡೆಯಲಿಲ್ಲ, ಸ್ವಿಂಗ್ ಎಂಬ ಅದರ ತೂಗುಲಯವನ್ನೂ ಪಡೆಯಲಿಲ್ಲ. 1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ನುಡಿಸುವ ಹೊತ್ತಿಗೆ ಕದ್ರಿಯವರ ಬಾನಿ ಕರ್ನಾಟಕ ಸಂಗೀತದಲ್ಲೇ ರೂಪುಗೊಂಡಿತ್ತು.

ದಾಯಾದಿಗಳು ಒಂದೇ ಪಂಕ್ತಿಯಲ್ಲಿ ಕೂರಲು ಜಾಝ್ ತಾನೇ ಕಾರ್ಡುಗಳ ಓಟವನ್ನು ತಗ್ಗಿಸಬೇಕಾಯಿತು. 1959ರ ಸುಮಾರಿಗೆ ಮೈಲ್ಸ್ ಡೇವಿಸ್, ಬಳಿಕ ಜಾನ್ ಕೋಲ್ಟ್ರೇನ್, ಒಂದೇ ಸ್ವರಶ್ರೇಣಿಯಲ್ಲಿ ನಿಂತು ಮನೋಧರ್ಮ ಹರಿಸಿದರು. ಆ ದಾರಿ ಬೆಂಗಳೂರಿಗೂ ಬಂತು: 1964ರಲ್ಲಿ ಟಿ.ಎ.ಎಸ್. ಮಣಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿಯವರ ಗಾಯನ ಮತ್ತು ಅಮೆರಿಕದ ಜಾಝ್ ವಾದಕ ಚಾರ್ಲಿ ಮಾರಿಯಾನೋ ಅವರ ಸ್ಯಾಕ್ಸೋಫೋನ್ ಸೇರಿ 1983ರಲ್ಲಿ ‘ಜ್ಯೋತಿ’ ಆಲ್ಬಮ್ ಮುದ್ರಣವಾಯಿತು. 2008ರ ‘ಕಿನ್ಸ್‌ಮೆನ್’ (ನೆಂಟರು) ಆಲ್ಬಮ್ಮಿನಲ್ಲಿ ಕದ್ರಿಯವರಿಗೆ ಎದುರಾದವರು ಕನ್ನಡ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಾಂತಪ್ಪ. ಹೆಸರಿನಲ್ಲೇ ನೆಂಟಸ್ತಿಕೆ ಇದೆ, ವಂಶಾವಳಿ ಇಲ್ಲ.